ಬರಹಕ್ಕೊಂದು ಸ್ವಂತ ವಿಳಾಸ: ಹಗುರ ತಂತ್ರಾಂಶ, ಮುಕ್ತ ಪರವಾನಗಿ

(ದತ್ತಿ ಉಪನ್ಯಾಸದ ಪಠ್ಯ)



ದತ್ತಿ ಉಪನ್ಯಾಸ ಎಂದರೆ ಕವಿ, ಕಾವ್ಯ, ಶಾಸನ, ವಚನಗಳ ಮಾತು ನಿರೀಕ್ಷಿಸುವುದು ರೂಢಿ. ಈ ಸಲ ಸಂಘಟಕರು ಕನ್ನಡ ಬರಹ ಮತ್ತು ಗಣಕ ಎಂಬ ಅಗಲವಾದ ವಿಷಯ ಕೊಟ್ಟು, ಯಾವ ಎಳೆಯನ್ನಾದರೂ ಹಿಡಿಯಿರಿ ಎಂದರು. ನಾನು ಹಿಡಿದಿರುವ ಎಳೆ ಸಣ್ಣದು: ಒಬ್ಬ ಬರಹಗಾರ ತನ್ನ ಬ್ಲಾಗನ್ನು ತಾನೇ ನಡೆಸಿಕೊಳ್ಳಲು ಸಾಕಾಗುವ ಹಗುರವಾದ ಮುಕ್ತ ತಂತ್ರಾಂಶ. ಕಳೆದ ಎರಡು ದಶಕಗಳಲ್ಲಿ ಕನ್ನಡದ ಎಷ್ಟೋ ಪ್ರಬಂಧ, ಕತೆ, ವಿಮರ್ಶೆ, ಊರಿನ ನೆನಪು ಮೊದಲು ಬೆಳಕು ಕಂಡದ್ದು ಬ್ಲಾಗುಗಳಲ್ಲಿ. ಆ ಬರಹ ಇವತ್ತು ಯಾರ ಕೈಯಲ್ಲಿದೆ, ನಾಳೆ ಎಲ್ಲಿರುತ್ತದೆ ಎಂಬುದು ಎಂಜಿನಿಯರುಗಳಿಗೆ ಬಿಟ್ಟುಬಿಡುವ ಪ್ರಶ್ನೆಯಲ್ಲ.

ನನ್ನ ವಾದವನ್ನು ಮೊದಲೇ ಹೇಳಿಬಿಡುತ್ತೇನೆ. ಜಾಲದ ಮೇಲಿನ ಬರಹ ಉಳಿಯಬೇಕಾದರೆ ಅದನ್ನು ಒಂದು ಕಡೆಯಿಂದ ಇನ್ನೊಂದು ಕಡೆಗೆ ಎತ್ತಿಕೊಂಡು ಹೋಗುವ ಹಕ್ಕು ಬರೆದವರಿಗಿರಬೇಕು. ಹಕ್ಕಿದ್ದರೆ ಸಾಲದು, ಎತ್ತಲು ಆಗುವಷ್ಟು ಅದು ಹಗುರವಾಗಿಯೂ ಇರಬೇಕು. ಹಕ್ಕು ಬರುವುದು ಪರವಾನಗಿಯಿಂದ, ಹಗುರ ಬರುವುದು ತಂತ್ರಾಂಶದ ರಚನೆಯಿಂದ. ಮೊದಲನೆಯದರ ಬಗ್ಗೆ ಸಾಕಷ್ಟು ಚರ್ಚೆಯಾಗಿದೆ. ಎರಡನೆಯದರ ಬಗ್ಗೆ ಮಾತು ಕಡಿಮೆ.

ಮುಚ್ಚಿದ ತಾಣಗಳ ಪಾಠ

1994ರಲ್ಲಿ ಅಮೆರಿಕದಲ್ಲಿ ಶುರುವಾದ ಜಿಯೊಸಿಟೀಸ್ ಸಾಮಾನ್ಯ ಜನರಿಗೆ ಪುಕ್ಕಟೆಯಾಗಿ ಜಾಲಪುಟ ಕೊಡುತ್ತಿತ್ತು. 1999ರಲ್ಲಿ ಯಾಹೂ ಅದನ್ನು ಕೊಂಡಿತು. 2009ರ ಅಕ್ಟೋಬರಿನಲ್ಲಿ ಮುಚ್ಚಿತು. ಆರ್ಕೈವ್ ಟೀಮ್ ಎಂಬ ಸ್ವಯಂಸೇವಕರ ಗುಂಪು ಹಗಲಿರುಳು ಕೂತು ಎಷ್ಟು ಸಾಧ್ಯವೋ ಅಷ್ಟನ್ನು ನಕಲು ಮಾಡಿಟ್ಟುಕೊಂಡಿತು, ಉಳಿದದ್ದು ಹೋಯಿತು. ಪೋಸ್ಟರಸ್ ಎಂಬ ಬ್ಲಾಗ್ ಸೇವೆಯನ್ನು ಟ್ವಿಟರ್ 2012ರಲ್ಲಿ ಕೊಂಡು, 2013ರ ಏಪ್ರಿಲ್ 30ರಂದು ನಿಲ್ಲಿಸಿತು. ಗೂಗಲ್ ಪ್ಲಸ್ 2019ರ ಏಪ್ರಿಲಿನಲ್ಲಿ ನಿಂತಿತು. 2003ರಿಂದ ನಡೆಯುತ್ತಿದ್ದ ಟೈಪ್‌ಪ್ಯಾಡ್ 2025ರ ಸೆಪ್ಟೆಂಬರಿನಲ್ಲಿ ಬಾಗಿಲು ಹಾಕಿತು. ಅದು ಹಣ ಪಡೆದು ನೀಡುತ್ತಿದ್ದ ಬ್ಲಾಗ್ ಸೇವೆ. ಪುಕ್ಕಟೆಯದ್ದಾದರೆ ಮುಚ್ಚುತ್ತಾರೆ, ಹಣ ಕೊಟ್ಟರೆ ಉಳಿಯುತ್ತದೆ ಎಂಬ ನಂಬಿಕೆಯೂ ಇದರಿಂದ ಸುಳ್ಳಾಯಿತು.

ಇವರಲ್ಲಿ ಯಾರೂ ದುಷ್ಟರಲ್ಲ. ಲಾಭವಿಲ್ಲದ ಕೆಲಸವನ್ನು ಕಂಪನಿ ನಿಲ್ಲಿಸುತ್ತದೆ, ಅದು ಅದರ ಸ್ವಭಾವ. ನಮ್ಮ ಬರಹ ಅವರ ಲಾಭನಷ್ಟದ ಲೆಕ್ಕಕ್ಕೆ ಕಟ್ಟಿಕೊಂಡಿತ್ತಲ್ಲ, ಯೋಚಿಸಬೇಕಾದದ್ದು ಅದನ್ನು.

ಪರವಾನಗಿ ಕೊಟ್ಟ ಬಲ

ಇದಕ್ಕಿಂತ ಬೇರೆಯೇ ಆದ ಒಂದು ಕತೆಯಿದೆ. 2001ರಲ್ಲಿ ಕಾರ್ಸಿಕಾ ದ್ವೀಪದ ಮಿಶೆಲ್ ವಾಲ್ದ್ರಿಗಿ ಎಂಬ ಯುವಕ ‘ಬಿ2’ ಎಂಬ ಬ್ಲಾಗ್ ತಂತ್ರಾಂಶ ಬರೆದ. ಜನ ಬಳಸತೊಡಗಿದರು. ಸ್ವಲ್ಪ ಕಾಲಕ್ಕೆ ಆತನ ಸದ್ದಿಲ್ಲ, ತಂತ್ರಾಂಶದ ಹೊಸ ಆವೃತ್ತಿಯೂ ಇಲ್ಲ. ಅದು ಜಿಪಿಎಲ್ ಎಂಬ ಮುಕ್ತ ಪರವಾನಗಿಯಲ್ಲಿತ್ತು. ಮೂಲ ಸಂಕೇತವನ್ನು ಯಾರು ಬೇಕಾದರೂ ಓದಬಹುದು, ತಿದ್ದಬಹುದು, ತಿದ್ದಿದ್ದನ್ನು ಹಂಚಬಹುದು, ಹಂಚುವಾಗ ಅದೇ ಸ್ವಾತಂತ್ರ್ಯವನ್ನು ಮುಂದಿನವರಿಗೂ ಕೊಡಬೇಕು. 2003ರ ಜನವರಿಯಲ್ಲಿ ಅಮೆರಿಕದ ಟೆಕ್ಸಾಸಿನ ಹತ್ತೊಂಬತ್ತರ ಹುಡುಗ ಮ್ಯಾಟ್ ಮುಲ್ಲೆನ್‌ವೆಗ್, ನಿಂತುಹೋದ ಇದನ್ನು ನಾನೇ ಮುಂದುವರಿಸಲೇ ಎಂದು ಬರೆದ. ಇಂಗ್ಲೆಂಡಿನ ಮೈಕ್ ಲಿಟಲ್ ಕೈಜೋಡಿಸಿದರು. 2003ರ ಮೇ 27ರಂದು ಅದು ‘ವರ್ಡ್‌ಪ್ರೆಸ್’ ಎಂಬ ಹೆಸರಿನಲ್ಲಿ ಹೊರಬಂತು. ಇವತ್ತು ಜಗತ್ತಿನ ಜಾಲತಾಣಗಳಲ್ಲಿ ಐದಕ್ಕೆ ಎರಡರಷ್ಟು ಅದರ ಮೇಲೆ ನಡೆಯುತ್ತಿವೆ.

ಅದೇ ಕಾಲದ ಮೂವಬಲ್ ಟೈಪ್ ಎಂಬ ತಂತ್ರಾಂಶ ಆಗ ಇದಕ್ಕಿಂತ ಹೆಸರುವಾಸಿ. ಆದರೆ ಮುಕ್ತವಲ್ಲ. 2004ರಲ್ಲಿ ಅದರ ಮೂರನೆಯ ಆವೃತ್ತಿ ಬಂದಾಗ ಕಂಪನಿ ಪರವಾನಗಿಯ ಷರತ್ತು ಬದಲಿಸಿತು, ಹಲವು ಬ್ಲಾಗುಗಳನ್ನು ನಡೆಸುವವರು ಹಣ ಕೊಡಬೇಕಾಯಿತು. ಸಿಟ್ಟಾದ ಬಳಕೆದಾರರು ಗುಂಪುಗುಂಪಾಗಿ ವರ್ಡ್‌ಪ್ರೆಸ್‌ಗೆ ಬಂದರು. 2007ರ ಕೊನೆಯಲ್ಲಿ ಕಂಪನಿ ಅದನ್ನು ಮುಕ್ತಗೊಳಿಸಿತು, 2013ರಲ್ಲಿ ಆರನೆಯ ಆವೃತ್ತಿ ತರುವಾಗ ಮುಕ್ತ ಪರವಾನಗಿಯನ್ನು ಕೈಬಿಟ್ಟಿತು. ಒಂದು ಕಡೆ ಲೇಖಕನೇ ಕಾಣೆಯಾದರೂ ತಂತ್ರಾಂಶ ಬದುಕಿತು. ಇನ್ನೊಂದು ಕಡೆ ಕಂಪನಿ ಕಣ್ಣೆದುರೇ ಇದ್ದರೂ ಬಳಕೆದಾರರು ನಡುನೀರಿನಲ್ಲಿ ನಿಂತರು. ಪರವಾನಗಿಯ ಬೆಲೆ ಏನು ಎಂದು ಕೇಳಿದರೆ ಈ ಎರಡು ಕತೆಗಳನ್ನು ಹೇಳಿದರೆ ಸಾಕು.

ಭಾರ ಎಲ್ಲಿಂದ ಬರುತ್ತದೆ

ಹಾಗಾದರೆ ಎಲ್ಲರೂ ವರ್ಡ್‌ಪ್ರೆಸ್ ಹಾಕಿಕೊಂಡರೆ ಮುಗಿಯಿತಲ್ಲ ಎಂದು ಕೇಳಬಹುದು. ಹತ್ತಾರು ಲೇಖಕರು, ಸಂಪಾದಕರು ಕೆಲಸ ಮಾಡುವ ಜಾಲಪತ್ರಿಕೆಗೆ ಅದು ಸರಿಯಾದ ಆಯ್ಕೆಯೇ. ಒಬ್ಬರೇ ತಿಂಗಳಿಗೆರಡು ಪ್ರಬಂಧ ಬರೆಯುವವರಿಗೆ ಅದು ಭಾರ.

ಓದುಗರೊಬ್ಬರು ಒಂದು ಲೇಖನದ ಕೊಂಡಿ ಒತ್ತಿದರು ಎನ್ನಿ. ಸರ್ವರ್ ಪಿಎಚ್‌ಪಿ ಎಂಬ ಭಾಷೆಯಲ್ಲಿರುವ ಕಾರ್ಯಕ್ರಮವನ್ನು ಎಬ್ಬಿಸುತ್ತದೆ. ಅದು ಮೈಎಸ್‌ಕ್ಯುಎಲ್ ಎಂಬ ಡೇಟಾಬೇಸಿಗೆ ಹೋಗಿ ಶೀರ್ಷಿಕೆ, ಮೈಬರಹ, ಲೇಖಕರ ಹೆಸರು, ವಿಭಾಗ, ಪ್ರತಿಕ್ರಿಯೆ ಎಂದು ಒಂದೊಂದಾಗಿ ಕೇಳಿ ತರುತ್ತದೆ. ಎಲ್ಲವನ್ನೂ ಥೀಮಿನ ಅಚ್ಚಿಗೆ ಸುರಿದು ಪುಟ ಕಟ್ಟಿ ಕಳಿಸುತ್ತದೆ. ಮುಂದಿನ ಓದುಗರು ಬಂದಾಗ ಮತ್ತೆ ಮೊದಲಿನಿಂದ ಇದೇ ಕೆಲಸ. ಒಂದಕ್ಷರವೂ ಬದಲಾಗದ ಲೇಖನವನ್ನು ಸಾವಿರ ಸಲ ಹೊಸದಾಗಿ ಕಟ್ಟುವ ಪರಿ ಇದು. ಇದನ್ನು ತಪ್ಪಿಸಲು ಪ್ಲಗಿನ್ ಎಂಬ ಇನ್ನೊಂದು ಸೇರ್ಪಡೆ ತಂತ್ರಾಂಶ ಬೇಕು. ಆಮೇಲೆ ಮೂಲ ತಂತ್ರಾಂಶ, ಥೀಮ್, ಪ್ಲಗಿನ್, ಪಿಎಚ್‌ಪಿ, ಡೇಟಾಬೇಸ್ ಇಷ್ಟನ್ನೂ ಕಾಲಕಾಲಕ್ಕೆ ಅಪ್‌ಡೇಟ್ ಮಾಡುತ್ತಿರಬೇಕು. ಮಾಡದೆ ಬಿಟ್ಟ ಪ್ಲಗಿನ್ನಿನ ಮೂಲಕ ಕನ್ನ ಹಾಕುವವರು ನುಗ್ಗುತ್ತಾರೆ. ಬರೆಯುವವರಿಗೆ ಬರೆಯುವ ಕೆಲಸಕ್ಕಿಂತ ಕಾವಲಿನ ಕೆಲಸವೇ ಹೆಚ್ಚಾಗುತ್ತದೆ.

ಕನ್ನಡದವರಿಗೆ ಇನ್ನೊಂದು ತೊಡಕಿದೆ. ಯುನಿಕೋಡಿನ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಪ್ರತಿಯೊಂದು ಸಂಕೇತಕ್ಕೂ ಮೂರು ಬೈಟ್. ‘ಕನ್ನಡ’ ಎಂಬ ಪದದಲ್ಲಿ ಕ, ನ, ಹಲಂತ, ನ, ಡ ಎಂದು ಐದು ಸಂಕೇತ, ಹದಿನೈದು ಬೈಟ್. ಡೇಟಾಬೇಸನ್ನು ಲ್ಯಾಟಿನ್ ಲಿಪಿಗೆಂದು ಹೊಂದಿಸಿಟ್ಟಿದ್ದರೆ, ಒಂದು ಸರ್ವರ್‌ನಿಂದ ಇನ್ನೊಂದಕ್ಕೆ ಸಾಗಿಸುವಾಗ ಈ ಬೈಟುಗಳನ್ನು ಅದು ಬಿಡಿಬಿಡಿ ರೋಮನ್ ಚಿಹ್ನೆಗಳೆಂದು ಓದುತ್ತದೆ. ತಲೆಯ ಮೇಲೆ ಓರೆಗೆರೆಯಿರುವ ರೋಮನ್ ‘ಎ’, ಅದರ ಪಕ್ಕ ಮೇಲಕ್ಕೆ ಏರಿದ ಪುಟ್ಟ 2 ಅಥವಾ 3, ಮತ್ತೆ ಏನೋ ಒಂದು. ಹೀಗೇ ಪುಟ ತುಂಬ. ಹಳೆಯ ಬ್ಲಾಗನ್ನು ಸ್ಥಳಾಂತರಿಸಿದವರು ಈ ದೃಶ್ಯವನ್ನು ನೋಡಿಯೇ ಇರುತ್ತಾರೆ. ಬರಹ ಅಳಿದಿರುವುದಿಲ್ಲ. ಆದರೆ ಅದನ್ನು ಮತ್ತೆ ಕನ್ನಡವಾಗಿ ಕಾಣಿಸಲು ಬಲ್ಲವರನ್ನು ಹುಡುಕಿಕೊಂಡು ಹೋಗಬೇಕು.

ಬರೀ ಕಡತಗಳ ದಾರಿ

ಡೇಟಾಬೇಸೇ ಬೇಡ ಎಂದವರು ಆಗಲೇ ಇದ್ದರು. ರೇಲ್ ಡಾರ್ನ್‌ಫೆಸ್ಟ್ ಬರೆದ ಬ್ಲಾಸಮ್ ಎಂಬ ತಂತ್ರಾಂಶ ಪರ್ಲ್ ಭಾಷೆಯ ಒಂದೇ ಕಡತ. ನೀವು ಒಂದು ಫೋಲ್ಡರಿನಲ್ಲಿ ಸಾದಾ ಪಠ್ಯ ಕಡತ ಬರೆದಿಟ್ಟರೆ ಅದೇ ಬ್ಲಾಗ್ ಆಗುತ್ತಿತ್ತು. ಕಡತವನ್ನು ಕೊನೆಯ ಸಲ ತಿದ್ದಿದ ದಿನವೇ ಲೇಖನದ ದಿನಾಂಕ. ಇದರಲ್ಲೊಂದು ಎಡವಟ್ಟು ಇತ್ತು. ಎರಡು ವರ್ಷ ಹಿಂದಿನ ಲೇಖನದಲ್ಲಿ ಒಂದು ಕಾಗುಣಿತ ತಿದ್ದಿದರೆ ಅದು ಇವತ್ತಿನ ಲೇಖನವಾಗಿ ಮೇಲೆ ಬಂದು ಕೂರುತ್ತಿತ್ತು. ಮುಂದೆ ಬಂದವರು ದಿನಾಂಕವನ್ನು ಕಡತದೊಳಗೇ ಬರೆಯುವ ಪದ್ಧತಿ ತಂದರು.

2004ರಲ್ಲಿ ಜಾನ್ ಗ್ರೂಬರ್ ಎಂಬ ಬರಹಗಾರ ಆರನ್ ಸ್ವಾರ್ಟ್ಸ್ ಜೊತೆ ಚರ್ಚಿಸಿ ಮಾರ್ಕ್‌ಡೌನ್ ಎಂಬ ಸರಳ ಬರವಣಿಗೆ ಕ್ರಮ ರೂಪಿಸಿದ. ಸಾಲಿನ ಮೊದಲು ಹ್ಯಾಶ್ ಗುರುತು ಹಾಕಿದರೆ ಶೀರ್ಷಿಕೆ, ಪದದ ಎರಡೂ ಬದಿಗೆ ನಕ್ಷತ್ರ ಹಾಕಿದರೆ ಒತ್ತು. ಇಂಥ ಸಾದಾ ಕಡತಗಳಿಂದ ತಾಣ ಕಟ್ಟಲು 2008ರಲ್ಲಿ ಟಾಮ್ ಪ್ರೆಸ್ಟನ್-ವರ್ನರ್ ಜೆಕಿಲ್ ಬರೆದ, 2010ರಲ್ಲಿ ಪೈಥಾನ್ ಭಾಷೆಯ ಪೆಲಿಕನ್ ಬಂತು, 2013ರಲ್ಲಿ ಸ್ಟೀವ್ ಫ್ರಾನ್ಸಿಯಾ ಗೋ ಭಾಷೆಯಲ್ಲಿ ಹ್ಯೂಗೊ ಬರೆದ. ಮೂರೂ ಮುಕ್ತ ತಂತ್ರಾಂಶಗಳು, ಮೂರರ ತತ್ವವೂ ಒಂದೇ: ಓದುಗರು ಬಂದಾಗಲೆಲ್ಲ ಪುಟ ಕಟ್ಟುವ ಬದಲು ಬರೆದಾಗ ಒಂದೇ ಸಲ ಕಟ್ಟಿಡುವುದು.

ಹ್ಯೂಗೊ ಬಳಸುವವರು ಏನು ಮಾಡುತ್ತಾರೆ ನೋಡಿ. ಒಂದು ಪಠ್ಯ ಕಡತ ತೆರೆಯುತ್ತಾರೆ. ಮೊದಲ ಸಾಲಿನಲ್ಲಿ ಮೂರು ಅಡ್ಡಗೆರೆ. ಅದರ ಕೆಳಗೆ ಶೀರ್ಷಿಕೆ, ದಿನಾಂಕ, ವಿಷಯಸೂಚಿ, ಒಂದೊಂದಕ್ಕೆ ಒಂದೊಂದು ಸಾಲು. ಮತ್ತೆ ಮೂರು ಅಡ್ಡಗೆರೆ. ಅಲ್ಲಿಂದ ಕೆಳಗೆ ಲೇಖನ. ಕಡತವನ್ನು ಉಳಿಸಿ, ಆದೇಶಗಳನ್ನು ಟೈಪಿಸುವ ಕಪ್ಪು ತೆರೆಯ ಮೇಲೆ ‘ಹ್ಯೂಗೊ’ ಎಂದು ಟೈಪಿಸಿ ಎಂಟರ್ ಒತ್ತಿದರೆ, ನೂರಾರು ಲೇಖನಗಳಿದ್ದರೂ ಕಣ್ಣು ಮಿಟುಕಿಸುವಷ್ಟರಲ್ಲಿ ಇಡೀ ತಾಣ ‘ಪಬ್ಲಿಕ್’ ಎಂಬ ಫೋಲ್ಡರಿನಲ್ಲಿ ಸಿದ್ಧವಾಗಿರುತ್ತದೆ. ಲೇಖನದ ಪುಟಗಳು, ಮುಖಪುಟ, ವಿಷಯಸೂಚಿ, ಹೊಸ ಲೇಖನ ಬಂದದ್ದನ್ನು ಓದುಗರಿಗೆ ತಿಳಿಸುವ ಆರ್‌ಎಸ್‌ಎಸ್ ಎಲ್ಲವೂ ಅಲ್ಲಿರುತ್ತವೆ. ಆ ಫೋಲ್ಡರನ್ನು ಯಾವ ಸರ್ವರ್‌ಗೆ ಏರಿಸಿದರೂ ನಡೆಯುತ್ತದೆ. ಡೇಟಾಬೇಸ್ ಇಲ್ಲ. ಲಾಗಿನ್ ಪುಟವೇ ಇಲ್ಲದ್ದರಿಂದ ಪಾಸ್‌ವರ್ಡ್ ಊಹಿಸಿ ಒಳಗೆ ಬರುವ ಪ್ರಶ್ನೆಯೂ ಇಲ್ಲ.

ಇಲ್ಲಿ ದತ್ತಿಯ ಹೋಲಿಕೆಯೊಂದು ತಾನಾಗಿ ಬರುತ್ತದೆ. ದತ್ತಿಯಲ್ಲಿ ಇಡುಗಂಟನ್ನು ಮುಟ್ಟುವ ಹಾಗಿಲ್ಲ, ಬಡ್ಡಿಯಲ್ಲಿ ಕಾರ್ಯಕ್ರಮ ನಡೆಯಬೇಕು. ಬರಹದ ಪಠ್ಯ ಕಡತಗಳು ಇಡುಗಂಟು. ಕಾಣುವ ತಾಣ ಅದರ ಬಡ್ಡಿ. ತಾಣ ಹಾಳಾದರೆ, ಸರ್ವರ್ ಕೆಟ್ಟರೆ, ಹ್ಯೂಗೊ ಎಂಬ ತಂತ್ರಾಂಶವೇ ನಾಳೆ ಇಲ್ಲವಾದರೆ ಇನ್ನೊಂದರಿಂದ ತಾಣವನ್ನು ಮತ್ತೆ ಕಟ್ಟಿಕೊಳ್ಳಬಹುದು. ಇಡುಗಂಟು ಎಷ್ಟು ದೊಡ್ಡದು? ಸಾವಿರ ಪದದ ಕನ್ನಡ ಲೇಖನಕ್ಕೆ ಸುಮಾರು 25 ಕಿಲೋಬೈಟ್. ಮೊಬೈಲಿನಲ್ಲಿ ತೆಗೆದ ಒಂದೇ ಒಂದು ಫೋಟೊ ಹಿಡಿಯುವ ಜಾಗದಲ್ಲಿ ಇಂಥ ನೂರು ಲೇಖನ ಕೂರುತ್ತವೆ. ಒಬ್ಬ ಲೇಖಕರ ಜೀವಮಾನದ ಬರಹ ಒಂದು ಪೆನ್‌ಡ್ರೈವಿನ ಮೂಲೆಯನ್ನೂ ತುಂಬುವುದಿಲ್ಲ.

ಕಪ್ಪು ತೆರೆಯೆಂದರೆ ಅಂಜುವವರಿಗೆ ನಡುದಾರಿಯೂ ಇದೆ. 2018ರಲ್ಲಿ ಬಂದ ರೈಟ್‌ಫ್ರೀಲಿ ಎಂಬ ಬ್ಲಾಗ್ ತಂತ್ರಾಂಶ ಒಂದೇ ಕಾರ್ಯಕ್ರಮವಾಗಿ ಓಡುತ್ತದೆ. ಡೇಟಾಬೇಸ್ ಬೇಕೆಂದರೂ ಎಸ್‌ಕ್ಯುಎಲೈಟ್ ಸಾಕು. ಎಸ್‌ಕ್ಯುಎಲೈಟ್ 2000ನೇ ಇಸವಿಯಿಂದ ಇರುವಂಥದ್ದು, ಇಡೀ ಡೇಟಾಬೇಸ್ ಒಂದೇ ಕಡತ. ಆ ಕಡತವನ್ನು ನಕಲು ಮಾಡಿಟ್ಟುಕೊಂಡರೆ ಬ್ಯಾಕಪ್ ಆಯಿತು. ಬ್ರೌಸರಿನಲ್ಲೇ ಕೂತು ಬರೆಯಬಹುದು. ಬರೆಯುವ ಪುಟ ಖಾಲಿ ಹಾಳೆಯಂತೆ ಇರುತ್ತದೆ. ಲೈಕ್ ಎಣಿಸುವ ಗುಂಡಿ ಇಲ್ಲ. ಜಾಲದ ಮಾನದಂಡಗಳನ್ನು ರೂಪಿಸುವ ಡಬ್ಲ್ಯೂ3ಸಿ ಸಂಸ್ಥೆ 2018ರಲ್ಲಿ ಮಾನ್ಯ ಮಾಡಿದ ಆಕ್ಟಿವಿಟಿಪಬ್ ಎಂಬ ಒಪ್ಪಂದದ ಮೂಲಕ ಮಾಸ್ಟೊಡಾನ್‌ನಂಥ ಸಾಮಾಜಿಕ ಜಾಲಗಳಲ್ಲಿರುವವರು ಆ ಬ್ಲಾಗನ್ನು ಅಲ್ಲಿಂದಲೇ ಹಿಂಬಾಲಿಸಬಹುದು. ಸ್ವಂತ ವಿಳಾಸದಲ್ಲಿದ್ದರೆ ಒಂಟಿಯಾಗಿಬಿಡುತ್ತೇವೆ ಎಂಬ ಅಂಜಿಕೆಗೆ ಇದು ಒಂದು ಮಟ್ಟಿನ ಉತ್ತರ.

ಬಿಸಿಲಿನಲ್ಲಿ ನಡೆಯುವ ಪತ್ರಿಕೆ

ಹಗುರವನ್ನು ಕೊನೆಯವರೆಗೂ ಕೊಂಡೊಯ್ದರೆ ಏನಾಗುತ್ತದೆ ಎಂಬುದಕ್ಕೆ ಬಾರ್ಸಿಲೋನಾದ ಲೋ-ಟೆಕ್ ಮ್ಯಾಗಜಿನ್ ಒಳ್ಳೆಯ ಉದಾಹರಣೆ. ಕ್ರಿಸ್ ಡಿ ಡೆಕ್ಕರ್ 2007ರಿಂದ ನಡೆಸುತ್ತಿರುವ ಈ ಪತ್ರಿಕೆ ಮೊದಲಿದ್ದದ್ದು ಟೈಪ್‌ಪ್ಯಾಡಿನಲ್ಲಿ. 2018ರಲ್ಲಿ ಅವರು ಅದರ ಒಂದು ಆವೃತ್ತಿಯನ್ನು ತಮ್ಮ ಮನೆಗೇ ತಂದರು. ಬಾಲ್ಕನಿಯಲ್ಲಿ 50 ವಾಟಿನ ಸೌರಫಲಕ, ಒಳಗೆ ಬ್ಯಾಟರಿ, ಬಲ್ಗೇರಿಯಾದ ಒಲಿಮೆಕ್ಸ್ ಕಂಪನಿಯ ಅಂಗೈಯಗಲದ ಗಣಕ. ಇಡೀ ಸರ್ವರ್‌ಗೆ ಬೇಕಾದ ವಿದ್ಯುತ್ತು ಒಂದರಿಂದ ಎರಡೂವರೆ ವಾಟ್. ಪುಟಗಳನ್ನು ಮೊದಲು ಪೆಲಿಕನ್‌ನಿಂದ ಕಟ್ಟಿದರು. ಚಿತ್ರಗಳ ಬಣ್ಣ ತೆಗೆದು, ಹಳೆಯ ವೃತ್ತಪತ್ರಿಕೆಯ ಚಿತ್ರದ ಹಾಗೆ ಚುಕ್ಕಿಗಳಾಗಿ ಮಾಡಿದರು. ವಿಶೇಷ ಫಾಂಟ್ ಬಳಸಲಿಲ್ಲ, ಓದುಗರ ಯಂತ್ರದಲ್ಲಿ ಇರುವ ಫಾಂಟೇ ಸಾಕೆಂದರು. ಬ್ಯಾಟರಿ ಎಷ್ಟು ಉಳಿದಿದೆ ಎಂಬುದು ಪುಟದ ಹಿನ್ನೆಲೆಯ ಬಣ್ಣದಲ್ಲೇ ಕಾಣುತ್ತದೆ. ಮೋಡ ಕವಿದು ನಾಲ್ಕು ದಿನ ಬಿಸಿಲಿಲ್ಲದಿದ್ದರೆ ತಾಣ ನಿಲ್ಲಬಹುದು, ಬಿಸಿಲು ಬಂದಾಗ ಏಳುತ್ತದೆ. ಇಪ್ಪತ್ನಾಲ್ಕು ಗಂಟೆಯೂ ಇರಲೇಬೇಕು ಎಂಬ ಹಟವನ್ನು ಅವರು ಕೈಬಿಟ್ಟರು. ಮಾಸಪತ್ರಿಕೆಗಾಗಿ ತಿಂಗಳು ಕಾದ ಅಭ್ಯಾಸವಿದ್ದ ನಮಗೆ ಇದು ಅಂಥ ವಿಚಿತ್ರವಾಗಿ ಕಾಣಬೇಕಿಲ್ಲ.

ಎಲ್ಲರೂ ಹೀಗೆ ಮಾಡಿ ಎಂದು ನಾನು ಹೇಳುತ್ತಿಲ್ಲ. ಭಾರವನ್ನು ಎಲ್ಲೆಲ್ಲಿ ಇಳಿಸಬಹುದು ಎಂಬುದನ್ನು ಅವರು ಒಂದೊಂದಾಗಿ ಮಾಡಿ ತೋರಿಸಿದ್ದಾರೆ. ಫಾಂಟಿನ ಮಾತನ್ನೇ ತೆಗೆದುಕೊಳ್ಳಿ. ಕನ್ನಡದ ಜಾಲ-ಫಾಂಟಿನಲ್ಲಿ ಗುಣಿತ, ಒತ್ತಕ್ಷರಗಳ ರೂಪಗಳೆಲ್ಲ ಸೇರಿರುವುದರಿಂದ ಅದು ಲೇಖನಕ್ಕಿಂತ ಹಲವು ಪಟ್ಟು ತೂಗುತ್ತದೆ. ವಿಂಡೋಸಿನಲ್ಲಿ ಎಕ್ಸ್‌ಪಿ ಕಾಲದಿಂದಲೇ ಕನ್ನಡ ಫಾಂಟ್ ಇದೆ, ಈಗಿನ ಆಂಡ್ರಾಯ್ಡ್ ಫೋನುಗಳಲ್ಲಿ ನೋಟೊ ಇದೆ. ಇರುವುದನ್ನೇ ಬಳಸಿದರೆ ಹಳ್ಳಿಯ ನಿಧಾನ ಸಂಪರ್ಕದಲ್ಲೂ ಪುಟ ತಟ್ಟನೆ ತೆರೆಯುತ್ತದೆ.

ಸ್ವಂತದ ಖರ್ಚು

ಸ್ವಂತ ವಿಳಾಸದ ಕಷ್ಟಗಳನ್ನೂ ಹೇಳಬೇಕು. ಡೊಮೈನ್ ಹೆಸರನ್ನು ಯಾರೂ ಶಾಶ್ವತವಾಗಿ ಮಾರುವುದಿಲ್ಲ, ನವೀಕರಿಸುತ್ತಲೇ ಇರಬೇಕು. ಮರೆತರೆ ಬೇರೆಯವರ ಪಾಲಾಗುತ್ತದೆ. ಸುರಕ್ಷಿತ ಸಂಪರ್ಕದ ಪ್ರಮಾಣಪತ್ರಕ್ಕೆ ಹಿಂದೆ ಹಣ ಕೊಡಬೇಕಿತ್ತು. 2015ರ ಡಿಸೆಂಬರಿನಲ್ಲಿ ಲೆಟ್ಸ್ ಎನ್‌ಕ್ರಿಪ್ಟ್ ಎಂಬ ಸೇವೆ ಅದನ್ನು ಎಲ್ಲರಿಗೂ ಪುಕ್ಕಟೆಯಾಗಿ ಕೊಡತೊಡಗಿತು. ಅವಧಿ 90 ದಿನ, ನವೀಕರಣವನ್ನು ಯಂತ್ರವೇ ಮಾಡಿಕೊಳ್ಳುತ್ತದೆ. ರಾಸ್ಪ್‌ಬೆರಿ ಪೈನಂಥ ಪುಟ್ಟ ಗಣಕವನ್ನು ಮನೆಯಲ್ಲೇ ಇಡೋಣವೆಂದರೆ ಕರೆಂಟು ಹೋಗುತ್ತದೆ. ಅದಕ್ಕಿಂತ ದೊಡ್ಡ ತೊಡಕೆಂದರೆ ಎಷ್ಟೋ ಇಂಟರ್‌ನೆಟ್ ಸಂಪರ್ಕಗಳಲ್ಲಿ ಹಲವು ಮನೆಗಳಿಗೆ ಸೇರಿ ಒಂದೇ ಸಾರ್ವಜನಿಕ ಐಪಿ ವಿಳಾಸ ಇರುತ್ತದೆ, ಹೊರಗಿನವರು ನೇರವಾಗಿ ನಿಮ್ಮ ಗಣಕಕ್ಕೆ ಬರಲಾಗದು. ಆದ್ದರಿಂದ ಹೆಚ್ಚಿನವರಿಗೆ ಸಣ್ಣ ಬಾಡಿಗೆ ಸರ್ವರೇ ಸರಿ. ಬಾಡಿಗೆಯಲ್ಲವೇ, ಸ್ವಂತ ಹೇಗಾಯಿತು ಎಂದರೆ, ಕಡತಗಳು ನಿಮ್ಮ ಹತ್ತಿರ ಇರುವ ತನಕ ಸರ್ವರ್ ಯಾರದ್ದಾದರೂ ಚಿಂತೆಯಿಲ್ಲ. ಸಂಜೆಗೆ ಬೇರೆ ಕಡೆ ಹೋಗಬಹುದು.

ಬರೀ ಕಡತಗಳಿಂದ ಕಟ್ಟಿದ ತಾಣದಲ್ಲಿ ಓದುಗರ ಪ್ರತಿಕ್ರಿಯೆಗೆ ತಾನಾಗಿ ಜಾಗ ಇರುವುದಿಲ್ಲ. ಇಸ್ಸೊ ಎಂಬ ಪುಟ್ಟ ಮುಕ್ತ ತಂತ್ರಾಂಶ ಸೇರಿಸಿಕೊಳ್ಳಬಹುದು, ಇಲ್ಲವೇ ಇಮೇಲ್ ವಿಳಾಸ ಕೊಡಬಹುದು. ಕನ್ನಡ ಬ್ಲಾಗುಗಳ ಒಳ್ಳೆಯ ದಿನಗಳಲ್ಲಿ ಎಷ್ಟೋ ಸಲ ಪ್ರತಿಕ್ರಿಯೆಗಳೇ ಮೂಲ ಲೇಖನಕ್ಕಿಂತ ಸೊಗಸಾಗಿರುತ್ತಿದ್ದವು. ಅದನ್ನು ಕಳೆದುಕೊಳ್ಳುವುದು ನಿಜವಾದ ನಷ್ಟವೇ.

ಕನ್ನಡಕ್ಕೆ ಆಗಬೇಕಾದ ಕೆಲಸ

ಈ ತಂತ್ರಾಂಶಗಳು ಕನ್ನಡವನ್ನು ಮನಸ್ಸಿನಲ್ಲಿಟ್ಟುಕೊಂಡು ಹುಟ್ಟಿದವಲ್ಲ. ಲೇಖನದ ಶೀರ್ಷಿಕೆಯಿಂದ ಜಾಲವಿಳಾಸ ಮಾಡುವಾಗ ಕೆಲವು ಕಾರ್ಯಕ್ರಮಗಳು ಅಕ್ಷರ, ಅಂಕಿ ಬಿಟ್ಟು ಮಿಕ್ಕ ಚಿಹ್ನೆಗಳನ್ನು ಕಿತ್ತುಹಾಕುತ್ತವೆ. ಯುನಿಕೋಡಿನ ವರ್ಗೀಕರಣದಲ್ಲಿ ನಮ್ಮ ಗುಣಿತ ಚಿಹ್ನೆಗಳು ಅಕ್ಷರಗಳಲ್ಲ, ಸಂಯೋಜಕ ಚಿಹ್ನೆಗಳು. ಹಾಗಾಗಿ ‘ಮಳೆಗಾಲದ ಮಾತು’ ಎಂಬ ಶೀರ್ಷಿಕೆ ‘ಮಳಗಲದ-ಮತ’ ಆಗಿಬಿಡುತ್ತದೆ. ವಿಳಾಸವನ್ನು ಕನ್ನಡದಲ್ಲೇ ಉಳಿಸಿಕೊಂಡರೂ, ನಕಲು ಮಾಡಿ ಯಾರಿಗಾದರೂ ಕಳಿಸುವಾಗ ಒಂದೊಂದು ಸಂಕೇತ ಒಂಬತ್ತು ರೋಮನ್ ಚಿಹ್ನೆಗಳಾಗಿ ಹಿಗ್ಗುತ್ತದೆ. ಐದು ಸಂಕೇತದ ‘ಕನ್ನಡ’ಕ್ಕೆ ನಲವತ್ತೈದು ಚಿಹ್ನೆ. ಸದ್ಯಕ್ಕೆ ವಿಳಾಸವನ್ನು ಕೈಯಿಂದಲೇ ಚಿಕ್ಕದಾಗಿ ಬರೆದುಕೊಳ್ಳುವುದು ಉಪಾಯ. ಆದರೆ ತಂತ್ರಾಂಶ ಮುಕ್ತವಾದ್ದರಿಂದ ಗುಣಿತ ನುಂಗುವ ಆ ಒಂದು ಸಾಲನ್ನು ಹುಡುಕಿ ತಿದ್ದುಪಡಿ ಕಳಿಸುವ ಅವಕಾಶ ಇಲ್ಲಿ ಕೂತಿರುವ ಕಂಪ್ಯೂಟರ್ ವಿದ್ಯಾರ್ಥಿಗಳಿಗಿದೆ. ನಿಮ್ಮ ಪ್ರಾಜೆಕ್ಟಿಗೆ ಇದಕ್ಕಿಂತ ಒಳ್ಳೆಯ ವಿಷಯ ಬೇಕೆ?

ಹಳೆಯ ನುಡಿ, ಬರಹ ತಂತ್ರಾಂಶಗಳಲ್ಲಿ ಯುನಿಕೋಡಿಗೆ ಮೊದಲಿನ ಸಂಕೇತದಲ್ಲಿ ಟೈಪಾದ ಪುಸ್ತಕಗಳು ಪ್ರಕಾಶಕರ ಬಳಿ ರಾಶಿ ಬಿದ್ದಿವೆ. ಆ ಫಾಂಟಿಲ್ಲದೆ ತೆರೆದರೆ ರೋಮನ್ ಅಕ್ಷರಗಳ ಗೋಜಲು. ಅವನ್ನು ಯುನಿಕೋಡಿಗೆ ತರುವ ಮುಕ್ತ ಪರಿವರ್ತಕಗಳು ಸಿಗುತ್ತವೆ. ಪರಿವರ್ತಿಸಿ, ಒಬ್ಬರು ಓದಿ ತಿದ್ದಿ, ಸಾದಾ ಪಠ್ಯವಾಗಿ ಉಳಿಸಬೇಕು.

ಕೊನೆಯದಾಗಿ ಮೂರು ಮನವಿ. ಬ್ಲಾಗ್ ಇರುವವರು ಈ ವಾರವೇ ಅದರ ಬ್ಯಾಕಪ್ ಇಳಿಸಿಕೊಳ್ಳಿ. ಬ್ಲಾಗರ್‌ನಲ್ಲೂ ವರ್ಡ್‌ಪ್ರೆಸ್‌ನಲ್ಲೂ ಆ ಸೌಲಭ್ಯ ಇದೆ. ಚಿತ್ರಗಳು ಅದರಲ್ಲಿ ಬಂದಿವೆಯೇ ಎಂದು ತೆರೆದು ನೋಡಿ, ಒಂದು ಪ್ರತಿಯನ್ನು ಮನೆಯವರ ಕೈಗೂ ಕೊಟ್ಟಿಡಿ. ಕನ್ನಡ ವಿಭಾಗಗಳು ಮತ್ತು ಸಾಹಿತ್ಯ ಸಂಸ್ಥೆಗಳು ತಮ್ಮ ಉಪನ್ಯಾಸ, ಸಂಚಿಕೆಗಳನ್ನು ಫೇಸ್‌ಬುಕ್ ಪುಟಕ್ಕೆ ಮಾತ್ರ ಒಪ್ಪಿಸದೆ, ತಮ್ಮದೇ ವಿಳಾಸದಲ್ಲಿ ಒಂದು ಹಗುರವಾದ ತಾಣ ಮಾಡಿ ಇಡಲಿ. ಅದಕ್ಕೆ ದೊಡ್ಡ ಅನುದಾನ ಬೇಕಿಲ್ಲ, ಆಸಕ್ತಿಯಿರುವ ಒಬ್ಬ ವಿದ್ಯಾರ್ಥಿ ಸಾಕು. ದತ್ತಿ ಇಡುವ ಹಿರಿಯರಲ್ಲಿ ವಿನಂತಿ: ಮುಂದೆ ಒಂದು ದತ್ತಿಯನ್ನಾದರೂ ಭಾಷಣಕ್ಕೆಂದಿಡದೆ, ತೀರಿಕೊಂಡ ಕನ್ನಡ ಬ್ಲಾಗಿಗರ ತಾಣಗಳ ಡೊಮೈನ್ ಮತ್ತು ಸರ್ವರ್ ಬಾಡಿಗೆ ಕಟ್ಟುವುದಕ್ಕೆಂದೇ ಇಡಿ. ಅದರ ಬಡ್ಡಿ ಹತ್ತಾರು ಲೇಖಕರ ಬರಹವನ್ನು ಓದುಗರ ಕೈಗೆ ಸಿಗುವಂತೆ ಇಟ್ಟಿರುತ್ತದೆ.